ಸೆಟಿಂಗ್ ಕಡತದಲ್ಲಿ ಕಾಲ ಮತ್ತು ಸ್ಥಳ: ಒಂದು ವಿಮರ್ಶೆ

ವೆಬ್ ತಂತ್ರಾಂಶಗಳ ಸೆಟಿಂಗುಗಳನ್ನು ಕುರಿತು ಇತಿಹಾಸದ ಅಧ್ಯಾಪಕರು ಬರೆಯುವುದು ಅನಧಿಕಾರ ಚರ್ಚೆಯೆಂದು ಕೆಲವರಿಗೆ ತೋರಬಹುದು. ಆ ಆಕ್ಷೇಪಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಈಚಿನ ವರ್ಷಗಳಲ್ಲಿ ಸನದು, ಕೈಫಿಯತ್ತು, ಪಹಣಿ ಮುಂತಾದ ಆಕರಗಳ ಸೂಚಿಗಳು ಪುಸ್ತಕರೂಪವನ್ನು ಬಿಟ್ಟು ವೆಬ್ ತಂತ್ರಾಂಶದ ರೂಪವನ್ನು ತಾಳುತ್ತಿವೆ. ಅಂಥ ಸೂಚಿಯಲ್ಲಿ ಒಂದು ಕಾಗದದ ಕಾಲ ಯಾವುದು, ಅದು ಯಾವ ತಾಲ್ಲೂಕಿಗೆ ಸೇರಿದುದು ಎಂಬುದನ್ನು ನಿರ್ಣಯಿಸುವವನು ಅನೇಕ ವೇಳೆ ಸಂಶೋಧಕನಲ್ಲ. ಸೆಟಿಂಗ್ ಕಡತದ ಒಂದು ಸಾಲು. ಆ ಸಾಲನ್ನು ಬರೆದವರಾರು, ಯಾವ ಆಧಾರದಿಂದ ಬರೆದರು, ಅದು ತಪ್ಪಾಗಿದ್ದರೆ ತಿಳಿಯುವ ಬಗೆ ಹೇಗೆ ಎಂಬ ಪ್ರಶ್ನೆಗಳು ಆಕರ ವಿಮರ್ಶೆಯ ಪ್ರಶ್ನೆಗಳೇ ಆಗಿವೆ. ಆದುದರಿಂದ ಈ ಪುಟಗಳಲ್ಲಿ ಅವಕ್ಕೆ ಸ್ಥಳವುಂಟೆಂದು ಭಾವಿಸಿದ್ದೇವೆ.

ಯಾದಗಿರಿ, ಶಹಾಪುರ, ಸುರಪುರ ಈ ಮೂರು ಕಡೆಗಳ ಮನೆತನಗಳಲ್ಲಿ ಉಳಿದುಬಂದ ಬಿಡಿ ಕಾಗದಪತ್ರಗಳ ಸೂಚಿಯೊಂದನ್ನು ಕೆಲವರು ವಿದ್ಯಾರ್ಥಿಗಳು ಜ್ಯಾಂಗೋ ಎಂಬ ಫ್ರೇಮ್‌ವರ್ಕಿನಲ್ಲಿ ರಚಿಸಿದರು. ಅದರ ತಿಥಿ ಮತ್ತು ಸ್ಥಳನಾಮಗಳನ್ನು ಪರಿಶೀಲಿಸುವ ಕೆಲಸ ನಮ್ಮ ಪಾಲಿಗೆ ಬಂದಿತು. ಪ್ರಸ್ತುತ ವಿಮರ್ಶೆ ಆ ಪರಿಶೀಲನೆಯಿಂದ ಹುಟ್ಟಿದುದು. ಸೆಟಿಂಗ್ ಎಂಬ ಮಾತನ್ನು ನಾವು ಹಾಗೆಯೇ ಉಳಿಸಿಕೊಂಡಿದ್ದೇವೆ. ಅದಕ್ಕೊಂದು ಸಂಸ್ಕೃತ ಪದವನ್ನು ಟಂಕಿಸಬಹುದಾಗಿತ್ತು. ಆದರೆ ಹತ್ತು ವರ್ಷದ ಹುಡುಗನೂ ಕೈಯಲ್ಲಿನ ಫೋನಿನ 'ಸೆಟಿಂಗ್' ತೆರೆಯುತ್ತಿರುವಾಗ ವಿದ್ವಾಂಸರು ಮಾತ್ರ ಬೇರೆ ಶಬ್ದವನ್ನು ಹಿಡಿದು ಕುಳಿತಿರುವುದು ಸಮಂಜಸವಲ್ಲ.

ವೆಬ್ ತಂತ್ರಾಂಶಗಳಿಗೆಲ್ಲ ಸಮಾನವಾದ ಕೆಲಸಗಳು ಕೆಲವಿವೆ: ಬಂದ ಕೋರಿಕೆಯನ್ನು ಓದುವುದು, ಡೇಟಾಬೇಸಿನಿಂದ ಮಾಹಿತಿ ತೆಗೆಯುವುದು, ಪುಟವನ್ನು ಕಟ್ಟಿ ಕಳುಹಿಸುವುದು. ಇವನ್ನು ಪ್ರತಿಯೊಬ್ಬರೂ ಮೊದಲಿನಿಂದ ಬರೆಯಬೇಕಾಗದಂತೆ ಮುಂಚೆಯೇ ಸಿದ್ಧಪಡಿಸಿಟ್ಟ ಕಟ್ಟಡವೇ ಫ್ರೇಮ್‌ವರ್ಕ್. ಬಾಡಿಗೆಮನೆಗೆ ಬಂದವರು ಗೋಡೆಯನ್ನು ಕೆಡವದೆ ದೀಪ, ಬೀಗ, ಹೆಸರುಹಲಗೆಗಳನ್ನು ತಮಗೆ ಬೇಕಾದಂತೆ ಮಾಡಿಕೊಳ್ಳುವ ಹಾಗೆ, ಮೂಲ ಕೋಡನ್ನು ತಿದ್ದದೆ ಮಾರ್ಪಡಿಸಬಹುದಾದ ಅಂಶಗಳೇ ಸೆಟಿಂಗುಗಳು. ಡೇಟಾಬೇಸ್ ಎಲ್ಲಿದೆ, ಭಾಷೆ ಯಾವುದು, ಗಡಿಯಾರ ಯಾವ ದೇಶದ್ದು ಎಂಬಂಥವು ಫ್ರೇಮ್‌ವರ್ಕೇ ಹೆಸರಿಟ್ಟಿರುವ ಸೆಟಿಂಗುಗಳು. ಇವಲ್ಲದೆ ತಂತ್ರಾಂಶವನ್ನು ರಚಿಸುವವರು ತಮ್ಮ ಅಗತ್ಯಕ್ಕೆ ತಕ್ಕಂತೆ ಸೇರಿಸಿಕೊಳ್ಳುವ ಸ್ವಂತ ಸೆಟಿಂಗುಗಳುಂಟು. ನಮ್ಮ ವಿಚಾರಕ್ಕೆ ವಸ್ತುವಾದವು ಮುಖ್ಯವಾಗಿ ಈ ಎರಡನೆಯವು.

ಮೊದಲನೆಯವನ್ನು ಕುರಿತು ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಜ್ಯಾಂಗೋದ ಒಳಗೆ ಎಲ್ಲ ಸೆಟಿಂಗುಗಳಿಗೂ ಪೂರ್ವನಿಶ್ಚಿತ ಬೆಲೆಗಳನ್ನು ಕೊಟ್ಟಿರುವ 'ಗ್ಲೋಬಲ್ ಸೆಟಿಂಗ್ಸ್' ಎಂಬ ಕಡತವಿದೆ. ನಾವು ಬೇರೆ ಹೇಳದಿದ್ದಲ್ಲಿ ಅದರ ಬೆಲೆಯೇ ನಡೆಯುತ್ತದೆ. ಅದರಲ್ಲಿ ಕಾಲವಲಯದ ಬೆಲೆ 'ಅಮೆರಿಕ/ಚಿಕಾಗೋ' ಎಂದಿದೆ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸಾಧನಕ್ಕೆ ಚಿಕಾಗೋದ ಗಡಿಯಾರವೇಕೆ? ಉತ್ತರವು ಅದರ ಹುಟ್ಟಿನಲ್ಲಿದೆ. ಜ್ಯಾಂಗೋ ಹುಟ್ಟಿದುದು ಅಮೆರಿಕದ ಕ್ಯಾನ್ಸಸ್ ಸಂಸ್ಥಾನದ ಲಾರೆನ್ಸ್ ಪಟ್ಟಣದಲ್ಲಿ, 'ಲಾರೆನ್ಸ್ ಜರ್ನಲ್-ವರ್ಲ್ಡ್' ಎಂಬ ದಿನಪತ್ರಿಕೆಯ ಕಚೇರಿಯಲ್ಲಿ. ಅಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಎಂಬವರು 2003ರಲ್ಲಿ ಅದನ್ನು ಬರೆಯತೊಡಗಿದರು. 2005ರಲ್ಲಿ ಅದು ಸಾರ್ವಜನಿಕರಿಗೆ ದೊರೆಯಿತು. ಆ ಪಟ್ಟಣದ ಗಡಿಯಾರ ಚಿಕಾಗೋದ ಗಡಿಯಾರವೇ. ಹೊಸ ಯೋಜನೆಯನ್ನು ಮೊದಲು ಮಾಡಿದಾಗ ದೊರೆಯುವ ಮಾದರಿ ಕಡತದಲ್ಲಿ ಇಂದು ಸಾರ್ವತ್ರಿಕ ಕಾಲವನ್ನು ನಮೂದಿಸಿದ್ದರೂ ಒಳಗಿನ ಆ ಹಳೆಯ ಸಾಲು ಅಳಿಸಿಹೋಗಿಲ್ಲ. ದೇವಾಲಯವನ್ನು ಎಷ್ಟು ಸಲ ಜೀರ್ಣೋದ್ಧಾರ ಮಾಡಿದರೂ ಅಧಿಷ್ಠಾನದ ಕಲ್ಲೊಂದು ಮೂಲ ಕಟ್ಟಡದ ಕಾಲವನ್ನು ಹೇಳುತ್ತಿರುವಂತೆ ಇದೂ ಒಂದು ಸಾಕ್ಷ್ಯ. ಸೆಟಿಂಗ್ ಕಡತವು ದೇಶಕಾಲಗಳ ಗುರುತಿಲ್ಲದ ಶುದ್ಧ ಯಂತ್ರಭಾಗವೆಂಬ ನಂಬಿಕೆ ಸಾಧುವಲ್ಲವೆಂಬುದಕ್ಕೆ ಇಷ್ಟು ಸಾಕು. ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಹೆಸರೂ ಇದೆಯೆಂಬುದನ್ನು ಸಂತೋಷದಿಂದ ದಾಖಲಿಸುತ್ತೇವೆ.

ಇನ್ನು ಸ್ವಂತ ಸೆಟಿಂಗುಗಳ ವಿಷಯ. ಈ ಸಂಬಂಧದಲ್ಲಿ ಜ್ಯಾಂಗೋ ವಿಧಿಸುವ ನಿಯಮಗಳು ಅತ್ಯಲ್ಪ. ಹೆಸರು ಪೂರ್ತಿಯಾಗಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿರಬೇಕು. ಈಗಾಗಲೇ ಇರುವ ಸೆಟಿಂಗನ್ನು ಬೇರೆ ಹೆಸರಿನಿಂದ ಮತ್ತೆ ಸೃಷ್ಟಿಸಬಾರದು. ತಂತ್ರಾಂಶ ನಡೆಯುತ್ತಿರುವಾಗ ಬೆಲೆಯನ್ನು ಬದಲಿಸಬಾರದು. ಹೆಚ್ಚುಕಡಿಮೆ ಇಷ್ಟೇ. ಯಾವ ಸ್ವಂತ ಸೆಟಿಂಗುಗಳು ಇರಬೇಕು, ಯಾವುದಕ್ಕೆ ಸಂಖ್ಯೆ ಬೇಕು, ಯಾವುದಕ್ಕೆ ಪಟ್ಟಿ ಬೇಕು ಎಂದು ಘೋಷಿಸುವ ನೋಂದಣಿ ಪುಸ್ತಕವೊಂದು ಅದರಲ್ಲಿಲ್ಲ. ಕೋಡಿನ ಯಾವ ಮೂಲೆಯಿಂದಲಾದರೂ 'ಈ ಹೆಸರಿನ ಸೆಟಿಂಗ್ ಇದೆಯೆ? ಇಲ್ಲದಿದ್ದರೆ ಇಂಥ ಬೆಲೆಯನ್ನು ಹಿಡಿ' ಎಂದು ಕೇಳಬಹುದು. ಬರೆಯುವವರಿಗೆ ಇದು ಅನುಕೂಲವೇ ಸರಿ. ಆದರೆ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಕೇಳುವವರಿಲ್ಲ. ತಂತ್ರಾಂಶ ಮೌನವಾಗಿ ತನ್ನ ಪೂರ್ವನಿಶ್ಚಿತ ಬೆಲೆಯನ್ನು ಹಿಡಿದು ಮುಂದುವರಿಯುತ್ತದೆ.

ಸುರಪುರದಂಥ ಊರಿನ ವಿಷಯದಲ್ಲಿ ಇದು ಹೇಗೆ ಪರಿಣಮಿಸುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ. 1841ರಿಂದ 1853ರವರೆಗೆ ಅಲ್ಲಿದ್ದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದ ರೀತಿ ಒಂದು. ಇಂದಿನ ವಿಧಾನಸಭಾ ಕ್ಷೇತ್ರದ ಪಟ್ಟಿಯಲ್ಲಿ 'ಶೋರಾಪುರ'. ಜನರ ಬಾಯಲ್ಲಿ ಸುರಪುರ. ಸೆಟಿಂಗಿಗೆ ಹೆಸರಿಟ್ಟ ವಿದ್ಯಾರ್ಥಿ ಒಂದು ರೂಪವನ್ನೂ ಅದನ್ನು ಓದುವ ಕೋಡನ್ನು ಬರೆದ ವಿದ್ಯಾರ್ಥಿ ಇನ್ನೊಂದು ರೂಪವನ್ನೂ ಬಳಸಿದರೆ ಯಾವ ದೋಷಸೂಚನೆಯೂ ಬಾರದು. ನಾವು ಪರಿಶೀಲಿಸಿದ ಸೂಚಿಯಲ್ಲಿ ಇಂಥದೊಂದು ಸಂಭವಿಸಿಯೇ ಇತ್ತು.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಜ್ಯಾಂಗೋಗೆ ಆಧಾರವಾದ ಪೈಥಾನ್ ಭಾಷೆಯಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಇಡಲು ಈಗ ಅವಕಾಶವುಂಟು. ಕನ್ನಡಾಭಿಮಾನಿಯಾದ ವಿದ್ಯಾರ್ಥಿಯೊಬ್ಬರು ಅದರಂತೆ 'ಫಸಲಿ_ಅಂತರ' ಎಂದು ಒಂದು ಸೆಟಿಂಗಿಗೆ ಹೆಸರಿಟ್ಟರು. ಅಭಿಮಾನ ಮೆಚ್ಚತಕ್ಕದ್ದೇ. ಆದರೆ ಜ್ಯಾಂಗೋ ಸೆಟಿಂಗ್ ಕಡತವನ್ನು ಓದುವಾಗ ಪ್ರತಿಯೊಂದು ಹೆಸರೂ ದೊಡ್ಡಕ್ಷರಗಳಲ್ಲಿದೆಯೆ ಎಂದು ನೋಡಿ, ಇಲ್ಲದಿದ್ದರೆ ಅದನ್ನು ಬಿಟ್ಟುಬಿಡುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳೆಂಬ ಭೇದವೇ ಇಲ್ಲ. ಆದುದರಿಂದ ಕೇವಲ ಕನ್ನಡದಲ್ಲಿರುವ ಹೆಸರು ಎಂದಿಗೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಲಾರದು. ಭಾಷೆ ಒಪ್ಪಿಕೊಂಡ ಹೆಸರನ್ನು ಫ್ರೇಮ್‌ವರ್ಕ್ ತಳ್ಳಿಹಾಕುತ್ತದೆ. ತಳ್ಳಿಹಾಕಿದೆನೆಂದು ಹೇಳುವುದೂ ಇಲ್ಲ. ನಿಯಮವನ್ನು ಕೈಪಿಡಿಯಲ್ಲಿ ಬರೆದಿದೆಯಲ್ಲವೆ ಎಂದರೆ, ಬರೆದಿದೆ ನಿಜ. ನಿಯಮವಿದೆಯೆಂಬುದು ನಮ್ಮ ಆಕ್ಷೇಪಣೆಯಲ್ಲ. ನಿಯಮ ಮುರಿದಾಗ ಎಚ್ಚರಿಕೆಯ ಒಂದು ಮಾತೂ ಬಾರದೆಂಬುದು. ಈ ಮೌನದ ಫಲವನ್ನು ಮುಂದೆ ಹೇಳಲಿದ್ದೇವೆ.

ಬೇರೆ ಫ್ರೇಮ್‌ವರ್ಕುಗಳ ಸ್ಥಿತಿಯನ್ನು ಸಂಕ್ಷೇಪವಾಗಿ ನೋಡಬಹುದು. ರೈಲ್ಸ್ ಎಂಬುದರಲ್ಲಿ ಸ್ವಂತ ಸೆಟಿಂಗುಗಳಿಗಾಗಿಯೇ 'ಕಾನ್ಫಿಗ್.ಎಕ್ಸ್' ಎಂಬ ಪ್ರತ್ಯೇಕ ಆವರಣವನ್ನು ಬಿಟ್ಟುಕೊಟ್ಟಿದ್ದಾರೆ. ಒಡೆಯನ ವಸ್ತುವೂ ಬಾಡಿಗೆದಾರನ ವಸ್ತುವೂ ಬೆರೆಯುವುದಿಲ್ಲ. ಲಾರವೆಲ್‌ನಲ್ಲಿ ಪರಿಸರದಿಂದ ಬೆಲೆಗಳನ್ನು ಓದುವುದು ಕಾನ್ಫಿಗ್ ಕಡತಗಳೊಳಗೆ ಮಾತ್ರ ಸಲ್ಲುತ್ತದೆ. ಬೇರೆಲ್ಲಿಯಾದರೂ ಓದಿದರೆ, ಸೆಟಿಂಗುಗಳನ್ನು ಒಟ್ಟುಗೂಡಿಸಿ ಶೇಖರಿಸಿಟ್ಟ ಮೇಲೆ ಅಲ್ಲಿ ಶೂನ್ಯವೇ ದೊರೆಯುತ್ತದೆ. ಹಳೆಯ ಎಎಸ್‌ಪಿ ಡಾಟ್ ನೆಟ್‌ನಲ್ಲಿ ಸ್ವಂತ ಸೆಟಿಂಗುಗಳು ಸಾಮಾನ್ಯವಾಗಿ ಬರಿಯ ಅಕ್ಷರಮಾಲೆಗಳಾಗಿದ್ದವು. 2016ರಲ್ಲಿ ಹೊರಬಂದ ಅದರ 'ಕೋರ್' ರೂಪದಲ್ಲಿ ಪ್ರತಿ ಸೆಟಿಂಗಿಗೂ ಜಾತಿಯನ್ನು ಗೊತ್ತುಮಾಡಬಹುದು. ಈಚಿನ ಆವೃತ್ತಿಗಳಲ್ಲಿ ತಂತ್ರಾಂಶ ಏಳುವ ಮೊದಲೇ ಅದನ್ನು ಪರೀಕ್ಷಿಸಿ, ತಪ್ಪಿದ್ದರೆ ಏಳದಂತೆ ನಿಲ್ಲಿಸಲೂಬಹುದು. ಶಿಸ್ತಿನ ದೃಷ್ಟಿಯಿಂದ ಈ ಕೊನೆಯದೇ ಮೇಲು.

ಈ ಎಲ್ಲ ಪದ್ಧತಿಗಳ ಹಿಂದೆ ಇಂದು ಸರ್ವಸಮ್ಮತವೆಂಬಂತೆ ಉಲ್ಲೇಖಿಸಲ್ಪಡುವ ಸಿದ್ಧಾಂತವೊಂದಿದೆ. 2011ರ ಸುಮಾರಿಗೆ ಹೆರೋಕು ಸಂಸ್ಥೆಯ ಏಡಮ್ ವಿಗಿನ್ಸ್ ಬರೆದ 'ಟ್ವೆಲ್ವ್-ಫ್ಯಾಕ್ಟರ್ ಆಪ್', ಎಂದರೆ ಹನ್ನೆರಡು ಅಂಶಗಳ ತಂತ್ರಾಂಶವೆಂಬ ಬರಹದ ಮೂರನೆಯ ಅಂಶ ಅದು. ಅದರ ಸಾರವಿಷ್ಟು: ಒಂದೇ ಕೋಡನ್ನು ಬೇರೆ ಬೇರೆ ಕಡೆ ಸ್ಥಾಪಿಸಿದಾಗ ಯಾವುದು ಬದಲಾಗುವ ಸಂಭವವಿದೆಯೋ ಅದೇ ಸೆಟಿಂಗ್, ಅದನ್ನು ಕೋಡಿನಿಂದ ಬೇರ್ಪಡಿಸಿ ಯಂತ್ರದ ಪರಿಸರದಲ್ಲಿಡಬೇಕು. ಬೇರ್ಪಡಿಸಿದ್ದೇವೆಯೇ ಎಂದು ತಿಳಿಯಲು ಒಂದು ಪರೀಕ್ಷೆಯನ್ನೂ ಕೊಟ್ಟಿದ್ದಾರೆ. ಕೋಡನ್ನು ಈ ಕ್ಷಣವೇ ಸಾರ್ವಜನಿಕರ ಮುಂದಿಟ್ಟರೂ ಯಾವ ಗುಪ್ತಸಂಕೇತವೂ ಬಯಲಾಗದಿದ್ದರೆ ಬೇರ್ಪಡಿಸಿದಂತೆ.

ಗುಪ್ತಸಂಕೇತಗಳ ಮಟ್ಟಿಗೆ ಈ ಸಿದ್ಧಾಂತವನ್ನು ನಾವು ಸಂಪೂರ್ಣವಾಗಿ ಒಪ್ಪುತ್ತೇವೆ. ಆದರೆ ಪರಿಸರದಲ್ಲಿಡುವ ಬೆಲೆಗಳೆಲ್ಲ ಅಕ್ಷರಮಾಲೆಗಳಾಗಿ ಬಿಡುತ್ತವೆಂಬುದು ಅದರ ಮೊದಲ ತೊಡಕು. 'ಫಾಲ್ಸ್' ಎಂದು ಬರೆದು ದೋಷಪರಿಶೀಲನಾ ಸ್ಥಿತಿಯನ್ನು ನಿಲ್ಲಿಸಿದೆವೆಂದು ಭಾವಿಸುತ್ತೇವೆ. ಪೈಥಾನಿನ ದೃಷ್ಟಿಯಲ್ಲಿ ಖಾಲಿಯಲ್ಲದ ಅಕ್ಷರಮಾಲೆಯೆಲ್ಲವೂ ಸತ್ಯವೇ. ಹೀಗಾಗಿ 'ಅಲ್ಲ' ಎಂಬ ಮಾತೇ 'ಹೌದು' ಎಂಬ ಅರ್ಥವನ್ನು ಕೊಡುತ್ತದೆ. ಇದು ತಂತ್ರಜ್ಞರೆಲ್ಲರಿಗೂ ಗೊತ್ತಿರುವ ತೊಡಕು, ಪರಿಹಾರವೂ ಸುಲಭ.

ಎರಡನೆಯದು ಅಷ್ಟು ಸುಲಭವಾದುದಲ್ಲ. ಈ ವ್ಯಾಖ್ಯೆಯಲ್ಲಿ ಸ್ಥಾಪನೆಯಿಂದ ಸ್ಥಾಪನೆಗೆ ಆಗುವ ಬದಲಾವಣೆ ಮಾತ್ರ ಲೆಕ್ಕಕ್ಕೆ ಬಂದಿದೆ. ಕಾಲದಿಂದ ಕಾಲಕ್ಕೆ ಆಗುವ ಬದಲಾವಣೆಗೆ ಅದರಲ್ಲಿ ಹೆಸರಿಲ್ಲ. ಬದಲಾಗುವುದನ್ನೆಲ್ಲ ಸೆಟಿಂಗಿನಲ್ಲಿಡಬೇಕೆಂಬ ಅರ್ಧ ತಿಳಿವಳಿಕೆಯಿಂದ ಹೊರಟವರು, ಹತ್ತು ವರ್ಷಕ್ಕೊಮ್ಮೆ ಬದಲಾಗುವ ಜಿಲ್ಲೆಯ ಹೆಸರನ್ನೂ ಅಲ್ಲಿಯೇ ಇಡುತ್ತಾರೆ. ವಾಸ್ತವವಾಗಿ ಅಲ್ಲಿ ಎರಡು ಬಗೆಯ ಬದಲಾವಣೆಗಳಿವೆ. ಒಂದರಲ್ಲಿ ಹೊಸದು ಬಂದರೆ ಹಳೆಯದು ನಿರುಪಯೋಗಿ. ಡೇಟಾಬೇಸಿನ ವಿಳಾಸ ಅಂಥದು. ಇನ್ನೊಂದರಲ್ಲಿ ಹೊಸದು ಬಂದ ಮೇಲೂ ಹಳೆಯದು ತನ್ನ ಕಾಲಕ್ಕೆ ಸತ್ಯವಾಗಿಯೇ ಉಳಿಯುತ್ತದೆ. ಈ ಎರಡನೆಯದನ್ನು ಸೆಟಿಂಗಿನಲ್ಲಿಡತಕ್ಕದ್ದಲ್ಲವೆಂಬುದೇ ನಮ್ಮ ವಾದ. ನಮ್ಮ ಪ್ರದೇಶಕ್ಕಿಂತ ಇದಕ್ಕೆ ಉತ್ತಮ ನಿದರ್ಶನ ದೊರೆಯುವುದು ದುರ್ಲಭ.

ಸೂಚಿಯ ಸೆಟಿಂಗ್ ಕಡತದಲ್ಲಿ ಜಿಲ್ಲೆ 'ಯಾದಗಿರಿ' ಎಂದಿತ್ತು. ತಾಲ್ಲೂಕುಗಳು ಮೂರು ಎಂದಿತ್ತು. 2009ರ ಡಿಸೆಂಬರ್ 30ರವರೆಗೆ ಯಾದಗಿರಿ ಜಿಲ್ಲೆಯೆಂಬುದೇ ಇರಲಿಲ್ಲ. ಮೂರೂ ತಾಲ್ಲೂಕುಗಳು ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದುವು. ಆ ಗುಲ್ಬರ್ಗಾ 2014ರ ನವೆಂಬರ್ 1ರಂದು ಕಲಬುರಗಿಯಾಯಿತು. 2017ರ ಮುಂಗಡಪತ್ರದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಹುಣಸಗಿ, ವಡಗೇರಾ, ಗುರುಮಿಠಕಲ್ ಸೇರಿ, ಮೂರಿದ್ದುದು ಆರಾಯಿತು. ಇನ್ನೂ ಹಿಂದೆ ಹೋದರೆ 1956ರ ನವೆಂಬರ್ 1ರವರೆಗೆ ಇದು ಹೈದರಾಬಾದ್ ರಾಜ್ಯದ ಭಾಗ. ಸುರಪುರವಂತೂ ನಾಯಕ ಅರಸರ ಪ್ರತ್ಯೇಕ ಸಂಸ್ಥಾನವಾಗಿದ್ದು, 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ದಂಗೆ ಅಡಗಿದ ಮೇಲೆ 1860ರಲ್ಲಿ ನಿಜಾಮರ ವಶಕ್ಕೆ ಬಂದುದು. 1850ರ ಸುರಪುರದ ಕಾಗದವನ್ನು ತೆರೆದರೆ ಮೇಲ್ಗಡೆ 'ಯಾದಗಿರಿ ಜಿಲ್ಲೆ, ಕರ್ನಾಟಕ' ಎಂದು ತೋರಿಸುವ ಸೂಚಿಯನ್ನು ನೋಡಿದಾಗ ನಮಗೆ ನಗು ಬಂದುದು ನಿಜ. ವಿದ್ಯಾರ್ಥಿಗಳ ಮೇಲೆ ನಗುವುದು ಮಾತ್ರ ಅನ್ಯಾಯ. ಸೆಟಿಂಗಿಗೆ ಒಂದೇ ಕಾಲ ಗೊತ್ತು, ಅದು ವರ್ತಮಾನ.

ಮತ್ತೊಂದು ಸಾಲಿನಲ್ಲಿ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳೆಂದು ಆರು ಹೆಸರುಗಳಿದ್ದುವು: ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ. ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ಅನುಚ್ಛೇದ ಬಂದಾಗ ಪಟ್ಟಿ ಇದೇ. 2019ರಲ್ಲಿ ರಾಜ್ಯ ಸರ್ಕಾರ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟಿತು. ಸಂವಿಧಾನದಲ್ಲಿ ಹಳೆಯ ಹೆಸರೇ ಉಳಿದಿದೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಗಿ ಆರು ಏಳಾಯಿತು. ಈ ಪಟ್ಟಿಯ ಮೇಲೆ ನಿಂತಿರುವುದು ನಮ್ಮ ವಿದ್ಯಾರ್ಥಿಗಳ ಕಾಲೇಜು ಪ್ರವೇಶ ಮತ್ತು ಉದ್ಯೋಗದ ಮೀಸಲಾತಿಯಾದುದರಿಂದ ಇದನ್ನು ಶಬ್ದಚರ್ಚೆಯೆಂದು ತಳ್ಳಿಹಾಕುವಂತಿಲ್ಲ. ಹಳೆಯ ಶಾಲಾಪತ್ರದಲ್ಲಿ 'ಗುಲ್ಬರ್ಗಾ ಜಿಲ್ಲೆ' ಎಂದಿರುವ ಸುರಪುರದ ವ್ಯಕ್ತಿಯನ್ನು ಯಾದಗಿರಿಯವನಲ್ಲವೆಂದು ಹೇಳುವ ತಂತ್ರಾಂಶ ಲೆಕ್ಕದಲ್ಲಿ ತಪ್ಪಿಲ್ಲದೆಯೇ ಅನ್ಯಾಯವನ್ನು ಮಾಡಬಲ್ಲುದು.

ಈಗ ಫಸಲಿಯ ವಿಷಯ. ಹುಣಸಗಿ ಕಡೆಯ ಹಳ್ಳಿಯೊಂದರಿಂದ ವೃದ್ಧ ರೈತರೊಬ್ಬರು ಬಂದು, ತಮ್ಮ ತಂದೆಯ ಹೆಸರಿನ ಕೌಲುಪತ್ರವೊಂದು ನಿಮ್ಮ ಸೂಚಿಯಲ್ಲಿರಬೇಕಲ್ಲ ಎಂದರು. ವರ್ಷ 1949 ಎಂದು ಅವರಿಗೆ ಚೆನ್ನಾಗಿ ನೆನಪಿತ್ತು. ಸೂಚಿಯಲ್ಲಿ 1949 ಎಂದು ಹುಡುಕಿದರೆ 'ಯಾವ ದಾಖಲೆಯೂ ಇಲ್ಲ' ಎಂದು ಬಂದಿತು. 'ಇಲ್ಲ ಅಂದ್ರ ಹ್ಯಾಂಗ್ರೀ ಸರ, ನಾನ ಕೊಟ್ಟೀನಲ್ಲ' ಎಂದು ಅವರು ಕೇಳಿದ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಕೊನೆಗೆ ಕೈಬರಹದ ದಫ್ತರನ್ನು ತೆರೆದು ನೋಡಿದಾಗ ಕಾಗದ ಸಿಕ್ಕಿತು. ಮೇಲೆ 1358 ಫಸಲಿ ಎಂದಿತ್ತು. ಸೂಚಿ ಅದಕ್ಕೆ 590 ಕೂಡಿಸಿ 1948 ಎಂದು ಬರೆದುಕೊಂಡಿತ್ತು.

590 ಎಂಬ ಅಂಕಿಯನ್ನು ಕೊಟ್ಟವರು ಯಾರು? ನಾವೇ. ತರಗತಿಯಲ್ಲಿ ಸ್ಥೂಲವಾದ ಲೆಕ್ಕಕ್ಕೆಂದು ಹೇಳಿದ ಮಾತನ್ನು ವಿದ್ಯಾರ್ಥಿಗಳು ಕೋಡಿನೊಳಗೆ ಪೂರ್ವನಿಶ್ಚಿತ ಬೆಲೆಯಾಗಿ ಇಟ್ಟಿದ್ದರು. ಹೈದರಾಬಾದಿನ ಫಸಲಿ ವರ್ಷವು ಅದರ ಕೊನೆಯ ದಶಕಗಳಲ್ಲಿ ಆಜರ್ ತಿಂಗಳಿನಿಂದ, ಎಂದರೆ ಅಕ್ಟೋಬರ್ ಮೊದಲ ವಾರದಿಂದ ಆರಂಭವಾಗುತ್ತಿತ್ತು. ಆದುದರಿಂದ ಡಿಸೆಂಬರ್ ಅಂತ್ಯದವರೆಗೆ 590ನ್ನೂ ಅಲ್ಲಿಂದಾಚೆಗೆ 591ನ್ನೂ ಕೂಡಿಸಬೇಕು. ಇದಕ್ಕೆ ಎಲ್ಲರೂ ಬಲ್ಲ ದೃಷ್ಟಾಂತವೊಂದಿದೆ. ಹೈದರಾಬಾದ್ ಜಾಗೀರು ರದ್ದಿಯಾತಿ ನಿಬಂಧನೆಯು 1358 ಫಸಲಿಯದು. ಅದು ಜಾರಿಗೆ ಬಂದುದು 1949ರ ಆಗಸ್ಟ್ 15ರಂದು. ನಮ್ಮ ಸೂಚಿಯ ಲೆಕ್ಕದಂತೆ ಅದು 1948ರ ಆಗಸ್ಟಿಗೆ ಹೋಗುತ್ತದೆ. 1948ರ ಸೆಪ್ಟೆಂಬರಿನ ಪೋಲೀಸ್ ಕಾರ್ಯಾಚರಣೆಗೆ ಮೊದಲು, ನಿಜಾಮರ ಸರ್ಕಾರವಿನ್ನೂ ನಡೆಯುತ್ತಿರುವಾಗಲೇ ಜಾಗೀರುಗಳು ರದ್ದಾದುವೆಂದು ಹೇಳಬೇಕಾಗುತ್ತದೆ. ಒಂದು ವರ್ಷದ ವ್ಯತ್ಯಾಸವೆಂದು ಇದನ್ನು ಉಪೇಕ್ಷಿಸಲು ಯಾವ ಇತಿಹಾಸ ವಿದ್ಯಾರ್ಥಿಗೂ ಸಾಧ್ಯವಿಲ್ಲ.

ತಪ್ಪು ಗೊತ್ತಾದ ದಿನವೇ ನಾವು, ವರ್ಷದ ಹೆಚ್ಚಿನ ತಿಂಗಳುಗಳಿಗೆ ಸಲ್ಲುವ 591ನ್ನು ಸದ್ಯಕ್ಕೆ ಇಡಿರೆಂದು ಸೂಚಿಸಿದೆವು. ಮೇಲೆ ಹೇಳಿದ ವಿದ್ಯಾರ್ಥಿ ಸೆಟಿಂಗ್ ಕಡತದಲ್ಲಿ 'ಫಸಲಿ_ಅಂತರ' ಎಂಬ ಹೆಸರಿನಿಂದ 591 ಎಂದು ಬರೆದರು. ಕನ್ನಡದ ಹೆಸರನ್ನು ಜ್ಯಾಂಗೋ ಓದಲಿಲ್ಲ. ಕೋಡಿನೊಳಗಿನ 590 ಹಾಗೆಯೇ ನಡೆಯಿತು. ಸರಿಪಡಿಸಿದೆವೆಂಬ ನಂಬಿಕೆಯಲ್ಲಿ ನಾವು ಕೆಲವು ವಾರಗಳನ್ನು ಕಳೆದೆವು. ಹೆಸರನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ 591 ನಡೆಯತೊಡಗಿತು. ಆಗ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಕಾಗದಗಳೆಲ್ಲ ಒಂದು ವರ್ಷ ಮುಂದಕ್ಕೆ ಹೋದುವು. ಅಂದರೆ ಆ ಸೆಟಿಂಗಿಗೆ ಸರಿಯಾದ ಬೆಲೆಯೆಂಬುದೇ ಇರಲಿಲ್ಲ. ಬಳ್ಳಾರಿ ಕಡೆಯ ಕಾಗದಗಳು ಸೂಚಿಗೆ ಬಂದರೆ ತೊಡಕು ಇಮ್ಮಡಿಯಾಗುತ್ತದೆ. ಬಳ್ಳಾರಿ 1953ರವರೆಗೆ ಮದರಾಸಿಗೆ ಸೇರಿದ್ದು, ಮದರಾಸಿನ ಫಸಲಿ ವರ್ಷ ಜುಲೈ 1ಕ್ಕೆ ಮೊದಲಾಗುತ್ತಿತ್ತು. ಶಬ್ದ ಒಂದೇ, ಅಂಕಿಯೂ ಒಂದೇ. ವರ್ಷದ ಎಲ್ಲೆ ಬೇರೆ. ಫಸಲಿಯ ಅಂತರವು ತಂತ್ರಾಂಶವನ್ನು ಎಲ್ಲಿ ಸ್ಥಾಪಿಸಿದ್ದೇವೆ ಎಂಬುದನ್ನು ಅವಲಂಬಿಸಿದುದಲ್ಲ. ಕಾಗದವನ್ನು ಎಲ್ಲಿ, ಯಾವ ತಿಂಗಳಲ್ಲಿ ಬರೆದರು ಎಂಬುದನ್ನು ಅವಲಂಬಿಸಿದುದು. ಅದು ದಾಖಲೆಯ ಗುಣವೇ ಹೊರತು ಯಂತ್ರದ ಗುಣವಲ್ಲ.

ಇದಕ್ಕೆ ಮಾದರಿಯಾಗಬಲ್ಲ ಪದ್ಧತಿಯೊಂದು ಅದೇ ಸೆಟಿಂಗ್ ಕಡತದಲ್ಲಿ, ಕಾಲವಲಯದ ಸಾಲಿನ ಹಿಂದೆಯೇ ಅಡಗಿದೆಯೆಂಬುದು ವಿಶೇಷ. ನಾವು 'ಏಷ್ಯಾ/ಕೋಲ್ಕತಾ' ಎಂದು ಬರೆದಾಗ ಐದೂವರೆ ಗಂಟೆ ಎಂಬ ಒಂದು ಅಂಕಿಯನ್ನು ಮಾತ್ರ ಕೊಟ್ಟಂತಲ್ಲ. ಆ ಹೆಸರು ಜಗತ್ತಿನ ಕಾಲವಲಯಗಳ ಕೋಶವೊಂದಕ್ಕೆ ಕೀಲಿಕೈ. ಆ ಕೋಶದಲ್ಲಿ ಪ್ರತಿಯೊಂದು ನಿಯಮಕ್ಕೂ ಇಂದಿನಿಂದ ಇಂದಿನವರೆಗೆ ಎಂಬ ಅವಧಿ ಗೊತ್ತಾಗಿದೆ. ಭಾರತದ ಐದೂವರೆ ಗಂಟೆ 1906ರಿಂದ. 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ ಯುದ್ಧದ ನಿಮಿತ್ತ ಆರೂವರೆ. 1943ರ ಒಂದು ಘಟನೆಯ ಹೊತ್ತನ್ನು ಕೇಳಿದರೆ ಅದು ಆರೂವರೆಯ ಲೆಕ್ಕವನ್ನೇ ಹಿಡಿಯುತ್ತದೆ. ಹೆಸರಿನ ವಿಷಯದಲ್ಲಿಯೂ ಇದೇ ವಿವೇಕ. ನಗರದ ಹೆಸರು 2001ರಲ್ಲಿ ಬದಲಾದ ಮೇಲೆ ಕೋಶವು 2008ರಲ್ಲಿ 'ಕೋಲ್ಕತಾ' ಎಂಬುದನ್ನು ಸ್ವೀಕರಿಸಿತು. ಆದರೆ 'ಕಲ್ಕತ್ತಾ' ಎಂಬ ಹಳೆಯ ಹೆಸರನ್ನು ತೆಗೆದುಹಾಕದೆ ಹೊಸದಕ್ಕೆ ತಳಕುಹಾಕಿ ಉಳಿಸಿಕೊಂಡಿತು. ಹಳೆಯ ಹೆಸರಿನಿಂದ ಬಂದವನನ್ನೂ ಅದು ಮನೆಗೆ ಮುಟ್ಟಿಸುತ್ತದೆ. ಗುಲ್ಬರ್ಗಾ–ಕಲಬುರಗಿ, ಶೋರಾಪುರ–ಸುರಪುರಗಳಿಗೆ ಬೇಕಾದುದು ಇದೇ.

ಇಲ್ಲಿ ಒಂದು ಪ್ರತಿವಾದವನ್ನು ಎದುರಿಸಬೇಕು. ಹಾಗಾದರೆ ಸೆಟಿಂಗುಗಳನ್ನೆಲ್ಲ ಡೇಟಾಬೇಸಿಗೆ ಸಾಗಿಸಿಬಿಡೋಣವೆಂದು ಕೆಲವರು ಹೇಳುತ್ತಾರೆ. ಜ್ಯಾಂಗೋದಲ್ಲಿ ಇದಕ್ಕಾಗಿ 'ಕಾನ್ಸ್‌ಟೆನ್ಸ್' ಎಂಬ ಉಪಕರಣವೂ ಇದೆ. ಆಡಳಿತಪುಟದಲ್ಲಿಯೇ ಬೆಲೆಯನ್ನು ತಿದ್ದಬಹುದು, ತಂತ್ರಾಂಶವನ್ನು ನಿಲ್ಲಿಸಬೇಕಾಗಿಲ್ಲ. ಇದರಿಂದ ನಮ್ಮ ಸಮಸ್ಯೆ ಪರಿಹಾರವಾಗುವುದಿಲ್ಲ, ಬದಲಾಗಿ ಹೊಸದೊಂದು ಹುಟ್ಟುತ್ತದೆ. ಸೆಟಿಂಗ್ ಕಡತವು ಗಿಟ್ ಎಂಬ ಆವೃತ್ತಿಕೋಶದಲ್ಲಿದ್ದರೆ 590ನ್ನು ಯಾರು, ಎಂದು, ಯಾವ ಮಾತಿನೊಡನೆ 591 ಮಾಡಿದರೆಂಬುದು ಉಳಿಯುತ್ತದೆ. ನಮ್ಮ ಹೊಣೆಯನ್ನು ನಾವು ಗುರುತಿಸಿದ್ದೂ ಅದರಿಂದಲೇ. ಡೇಟಾಬೇಸಿನ ಒಂದೇ ಕೋಷ್ಠದಲ್ಲಿ ಹಳೆಯ ಬೆಲೆಯ ಮೇಲೆ ಹೊಸದನ್ನು ಬರೆದರೆ, ಬೇರೆ ಏರ್ಪಾಡು ಮಾಡದ ಹೊರತು, ಆ ಸಾಕ್ಷ್ಯ ಅಳಿದುಹೋಗುತ್ತದೆ. ಅವಧಿಯಿಲ್ಲದ ಅಂಕಿ ಕಡತದಲ್ಲಿದ್ದರೇನು, ಡೇಟಾಬೇಸಿನಲ್ಲಿದ್ದರೇನು?

ಗುಪ್ತಸಂಕೇತಗಳಿಗೆಂದು ಮಾಡುವ '.ಎನ್ವ್' ಕಡತವನ್ನು ಕುರಿತೂ ನಮ್ಮದೊಂದು ದೂರಿದೆ. ಅದನ್ನು ಆವೃತ್ತಿಕೋಶದಿಂದ ಹೊರಗಿಡುವುದು ಅಗತ್ಯ. ಆದರೆ ಗುಟ್ಟಲ್ಲದ ಸೆಟಿಂಗುಗಳನ್ನೂ ಸೋಮಾರಿತನದಿಂದ ಅದರಲ್ಲಿಯೇ ತುಂಬುತ್ತಾರೆ. ಫಲವಾಗಿ ತಂತ್ರಾಂಶದ ನಡವಳಿಕೆಯನ್ನು ನಿರ್ಧರಿಸಿದ ಪತ್ರವೇ ಭಂಡಾರಕ್ಕೆ ಬಾರದೆ, ಯಂತ್ರ ಹಾಳಾದ ದಿನ ಅದರೊಡನೆ ನಾಶವಾಗುತ್ತದೆ. ಬೆಲೆಗಳನ್ನು ಖಾಲಿಬಿಟ್ಟು ಹೆಸರುಗಳನ್ನೂ ಅವುಗಳ ಕಾರಣವನ್ನೂ ಬರೆದ ಮಾದರಿ ಕಡತವೊಂದನ್ನು ಕೋಶದಲ್ಲಿಡುವ ವಾಡಿಕೆ ಬಲ್ಲವರಲ್ಲಿದೆ. ನಮ್ಮ ವಿದ್ಯಾರ್ಥಿಗಳೂ ಅದನ್ನು ರೂಢಿಸಿಕೊಳ್ಳಬೇಕು.

ಪರಿಶೀಲನೆಯ ಅನಂತರ ಸೂಚಿಯ ಸೆಟಿಂಗ್ ಕಡತ ಬಹಳ ಕಿರಿದಾಯಿತು. ಡೇಟಾಬೇಸಿನ ವಿಳಾಸ, ಗುಪ್ತಕೀಲಿ, ಕಾಲವಲಯ, ಭಾಷೆ, ಚಿತ್ರಗಳನ್ನಿಡುವ ಸ್ಥಳ ಮುಂತಾದ ಕೆಲವು ಮಾತ್ರ ಅದರಲ್ಲಿ ಉಳಿದುವು. ಸ್ವಂತ ಸೆಟಿಂಗುಗಳ ಹೆಸರುಗಳನ್ನು ಒಂದೆಡೆ ಪಟ್ಟಿಮಾಡಿ, ತಂತ್ರಾಂಶ ಏಳುವಾಗ ಪಟ್ಟಿಯಲ್ಲಿಲ್ಲದ ಹೆಸರು ಕಂಡರೆ ಅಥವಾ ಇರಬೇಕಾದುದು ಕಾಣದಿದ್ದರೆ ನಿಂತುಬಿಡುವಂತೆ ಮಾಡಲಾಯಿತು. ಜಿಲ್ಲೆ, ತಾಲ್ಲೂಕು, ಸ್ಥಳನಾಮಗಳು 'ಇಂದಿನಿಂದ', 'ಇಂದಿನವರೆಗೆ' ಎಂಬ ಎರಡು ಕಲಮುಗಳೊಡನೆ ಡೇಟಾಬೇಸಿಗೆ ಹೋದುವು. ಫಸಲಿಯ ವರ್ಷವನ್ನು ಕಾಗದದಲ್ಲಿರುವಂತೆಯೇ ಮೊದಲು ನಮೂದಿಸಿ, ಕ್ರಿಸ್ತವರ್ಷವನ್ನು ಅದರ ಪಕ್ಕದಲ್ಲಿ, ಯಾವ ನಿಯಮದಿಂದ ಬಂದಿತೆಂಬ ಟಿಪ್ಪಣಿಯೊಡನೆ ತೋರಿಸಲಾಗುತ್ತಿದೆ.

ವೃದ್ಧ ರೈತರ ಕಾಗದದಲ್ಲಿ ತಿಂಗಳಿನ ಹೆಸರು ಸ್ಪಷ್ಟವಾಗಿದ್ದುದರಿಂದ ಅದು 1949ರದೆಂದು ನಿಶ್ಚಯವಾಯಿತು. ಅನೇಕ ಕಾಗದಗಳಲ್ಲಿ ಆ ಭಾಗ ಹರಿದುಹೋಗಿದೆ, ಇಲ್ಲವೆ ಬರೆದೇ ಇಲ್ಲ. ಅಂಥವಕ್ಕೆ ಎರಡು ವರ್ಷಗಳನ್ನೂ ಕೊಟ್ಟು, ಎರಡರಲ್ಲಿ ಯಾವುದನ್ನು ಹುಡುಕಿದರೂ ದೊರೆಯುವಂತೆ ಮಾಡಿದ್ದೇವೆ. ತಿದ್ದುವ ಮೊದಲು ಸೂಚಿಯಿಂದ ತಿಥಿಗಳನ್ನು ನಕಲು ಮಾಡಿಕೊಂಡು ಹೋದವರಲ್ಲಿ ಕೆಲವರ ಪ್ರಬಂಧಗಳು ಈಗಾಗಲೇ ಸಿದ್ಧವಾಗಿವೆ. ಅವರು 1357, 1358 ಫಸಲಿಗಳ ನಮೂದುಗಳನ್ನು ಮೂಲದೊಡನೆ ಇನ್ನೊಮ್ಮೆ ಹೋಲಿಸಿ ನೋಡಬೇಕೆಂದು ಕೋರುತ್ತೇವೆ. ದಫ್ತರು ವಿಭಾಗದಲ್ಲಿಯೇ ಇದೆ.